ಮಚ್ಚೆ ಇರುವ ಕೈಯನ್ನು ಬರೆಯಬಾರದಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಮದುವೆಯಾದ ಮೇಲೆ ಎರಡೂ ಕೈ ಮೇಲೆ ತೊನ್ನು ಕಾಣಿಸಿಕೊಂಡಿತು. ಈಗ ತುಟಿಯ ಪಕ್ಕಕ್ಕೂ ಬಂದಿದೆ. ಮದುವೆ, ಗೃಹಪ್ರವೇಶ ಅಂತ ಹೊರಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಮಧ್ಯಾಹ್ನ ಮಗಳ ವಾಟರ್ ಕಲರ್ ಬಾಕ್ಸ್ ತೆಗೆದು ನನ್ನ ಕೈಯ ಚಿತ್ರ ಬಿಡಿಸುತ್ತೇನೆ. ಮನಸ್ಸು ಹಗುರಾಗುತ್ತದೆ. ಆದರೆ ಮಚ್ಚೆ ಬರೆಯುವಾಗ ಕೈ ಓಡುವುದಿಲ್ಲ, ಕಂದು ಬಣ್ಣ ಬಳಿದು ಮುಚ್ಚಿಬಿಡುತ್ತೇನೆ. ನಮ್ಮತ್ತೆ ಮದುವೆ ಮನೆ ಗೋಡೆಗೆ ಹಸೆ ಚಿತ್ತಾರ ಚೆನ್ನಾಗಿ ಬರೆಯುತ್ತಾರೆ. 'ಬರೆಯೋದಾದ್ರೆ ಚಿತ್ತಾರ ಬರಿ, ಆ ಕೈ ಯಾಕೆ ಬರೀತೀಯ' ಅನ್ನುತ್ತಾರೆ. ನಾನು ಮಾಡುತ್ತಿರುವುದು ಸರಿಯಾ?
– ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ಖಂಡಿತ ಬರೆಯಿರಮ್ಮ. ಆದರೆ ಮಚ್ಚೆಯನ್ನು ಮುಚ್ಚಬೇಡಿ.

ವಾಟರ್ ಕಲರ್‌ನಲ್ಲಿ ಬಿಳಿ ಬಣ್ಣ ಬಳಿಯುವುದು ಕಡಿಮೆ. ಬಿಳಿ ಬೇಕಾದ ಕಡೆ ಕಾಗದವನ್ನೇ ಬಿಡುತ್ತೇವೆ. ಮೊದಲು ಮಚ್ಚೆಯ ಅಂಚನ್ನು ಪೆನ್ಸಿಲ್‌ನಲ್ಲಿ ತೆಳ್ಳಗೆ ಗುರುತು ಮಾಡಿಕೊಳ್ಳಿ. ಯೆಲ್ಲೋ ಓಕರ್ (ಮಣ್ಣು ಹಳದಿ), ಬರ್ನ್ಟ್ ಸಿಯೆನಾ (ಕೆಂಗಂದು) ಬೆರೆಸಿ ಸುತ್ತ ಚರ್ಮದ ಬಣ್ಣ ಹಾಕಿ. ಒಳಗೆ ಕಾಗದ ಹಾಗೇ ಇರಲಿ. ಆಮೇಲೆ ಕಿಟಕಿಯ ಬೆಳಕಲ್ಲಿ ಕೈ ನೋಡಿಕೊಳ್ಳಿ. ಬಿಳಿ ಅಂದುಕೊಂಡದ್ದು ಪೂರ್ತಿ ಬಿಳಿಯಲ್ಲ, ಅಲ್ವಾ? ಗೆಣ್ಣಿನ ಹತ್ತಿರ ನಸುಗೆಂಪು. ನರ ಹಾದುಹೋದ ಕಡೆ ಸ್ವಲ್ಪ ನೀಲಿ. ಕೆಲವರಿಗೆ ಅಂಚು ಸುತ್ತಲಿನ ಚರ್ಮಕ್ಕಿಂತ ಕಪ್ಪಗಿರುತ್ತದೆ. ಇದನ್ನೆಲ್ಲ ಹುಡುಕಿ ಬರೆಯುವಷ್ಟು ಹೊತ್ತು 'ಛೆ, ನನ್ನ ಕೈ ಹೀಗಾಯ್ತಲ್ಲ' ಅಂತ ಕೊರಗುವುದಕ್ಕೆ ಮನಸ್ಸಿಗೆ ಪುರುಸೊತ್ತೇ ಇರುವುದಿಲ್ಲ.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನನ್ನ ಕುತ್ತಿಗೆಯಿಂದ ಎಡಭುಜದವರೆಗೆ ಸುಟ್ಟ ಕಲೆ ಇದೆ. ಸೀಮೆಎಣ್ಣೆ ಸ್ಟೌ ಸಿಡಿದದ್ದು. ಡ್ರಾಯಿಂಗ್ ಟೀಚರ್ ಆಗಿದ್ದಷ್ಟು ಕಾಲ ಸೆರಗು ಹೊದ್ದೇ ಪಾಠ ಮಾಡಿದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಕನ್ನಡಿ ಇಟ್ಟುಕೊಂಡು ಆ ಕಲೆಯನ್ನೇ ಬರೆಯುತ್ತಿದ್ದೆ. ಮೊದಮೊದಲು ಹಾಳೆ ತುಂಬ ಬರೀ ಕಲೆ, ಮುಖವೇ ಇಲ್ಲ. ಬರುಬರುತ್ತಾ ಕುತ್ತಿಗೆ ಬಂತು, ಗಲ್ಲ ಬಂತು, ಕಣ್ಣು ಬಂತು. ಕಲೆ ಎಲ್ಲೂ ಹೋಗಲಿಲ್ಲ. ಹಾಳೆಯಲ್ಲಿ ಅದರ ಜಾಗ ಚಿಕ್ಕದಾಯಿತು.

ಮೆಕ್ಸಿಕೋದ ಚಿತ್ರ ಕಲಾವಿದೆ ಫ್ರೀಡಾ ಕಾಹ್ಲೋ ಹೆಸರು ಕೇಳಿರಬಹುದು. 1925ರಲ್ಲಿ, 18ನೇ ವಯಸ್ಸಿನಲ್ಲಿ, ಆಕೆ ಇದ್ದ ಬಸ್ಸಿಗೆ ಟ್ರಾಮ್ ಡಿಕ್ಕಿ ಹೊಡೆದು ಬೆನ್ನುಮೂಳೆ, ಸೊಂಟ, ಕಾಲು ಮುರಿದವು. ಹಾಸಿಗೆ ಹಿಡಿದ ಮಗಳು ಮಲಗಿಕೊಂಡೇ ಬರೆಯಲಿ ಅಂತ ಅಮ್ಮ ಈಸೆಲ್ (ಚಿತ್ರ ಬರೆಯಲು ಹಾಳೆ ನಿಲ್ಲಿಸುವ ಚೌಕಟ್ಟು) ಮಾಡಿಸಿಕೊಟ್ಟರು. ಮಂಚದ ಮೇಲ್ಗಡೆ ಕನ್ನಡಿ ಹಾಕಿಸಿದರು. ಆಕೆಯ ಚಿತ್ರಗಳಲ್ಲಿ ಸುಮಾರು ಮೂರನೇ ಒಂದು ಭಾಗ ತನ್ನದೇ ಚಿತ್ರ. 1944ರ ಒಂದರಲ್ಲಿ ಮೈತುಂಬ ಮೊಳೆ, ಬೆನ್ನುಮೂಳೆಯ ಜಾಗದಲ್ಲಿ ಒಡೆದ ಕಂಬ, ಕೆನ್ನೆ ಮೇಲೆ ಕಣ್ಣೀರು. ಆದರೂ ಕಣ್ಣು ನೇರ ನಮ್ಮನ್ನೇ ನೋಡುತ್ತದೆ. ಅದನ್ನು ಬರೆದಿದ್ದಕ್ಕೆ ಬೆನ್ನು ನೋವು ಹೋಗಲಿಲ್ಲ, ಆಪರೇಷನ್‌ಗಳು ಆಮೇಲೂ ನಡೆದವು. ಚಿತ್ರ ಬರೆದರೆ ಎಲ್ಲ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅತ್ತೆಯ ಮಾತಿಗೆ ಜಾಸ್ತಿ ನೊಂದುಕೊಳ್ಳಬೇಡಿ. ಅವರಿಗೆ ಚಿತ್ತಾರ ಅಂದರೆ ಮದುವೆ ಮನೆಯ ಗೋಡೆ, ಶುಭದ ಕೆಲಸ. ಅದಕ್ಕೇ ಹಾಗೆ ಅಂದಿರಬಹುದು. ಕೆಮ್ಮಣ್ಣಿನ ಗೋಡೆ ಮೇಲೆ ಪುಂಡಿ ನಾರಿನ ಕುಂಚ ಹಿಡಿದು ಅಕ್ಕಿ ಹಿಟ್ಟಿನ ಗೆರೆ ಎಳೆಯುವ ಅವರ ಕೈಯನ್ನೇ ಒಮ್ಮೆ ಬರೆಯಿರಲ್ಲ. 'ಅತ್ತೆ, ನಿಮ್ಮ ಕೈ ಬರೀಲಾ' ಅಂತ ಕೇಳಿ. ಸುಕ್ಕು, ಬೆರಳಿನ ಗಂಟು, ಉಗುರಿನ ಸಂದಿಯ ಮಣ್ಣು, ಎಲ್ಲ ಬರಲಿ. ಅದೇ ಹಾಳೆಯಲ್ಲಿ ಪಕ್ಕಕ್ಕೆ ನಿಮ್ಮ ಕೈ ಬರೆಯಿರಿ. ಉಳಿದ ಚಿತ್ರಗಳನ್ನು ಯಾರಿಗೂ ತೋರಿಸಲೇಬೇಕು ಅಂತಿಲ್ಲ. ಹಿಂದೆ ತಾರೀಖು ಹಾಕಿ ಇಡಿ, ಹರಿಯಬೇಡಿ.

ಇನ್ನೊಂದು. ತೊನ್ನು ಮುಟ್ಟಿದರೆ ಹರಡುವುದಿಲ್ಲ. ಅದು ಕುಷ್ಠ ಅಲ್ಲವೇ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ದಾಳಿ ಮಾಡಿದಾಗ ಹೀಗಾಗುತ್ತದೆ. ಚಿಕಿತ್ಸೆ ಇದೆ, ಚರ್ಮದ ಡಾಕ್ಟರಿಗೆ ತೋರಿಸಿ. ಔಷಧಿ ತೆಗೆದುಕೊಂಡರೆ ನಿಮ್ಮನ್ನು ನೀವು ಒಪ್ಪಿಕೊಂಡಿಲ್ಲ ಅಂತೇನೂ ಅಲ್ಲ. ನಿದ್ದೆ ಬರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸಿದರೆ ಮಾತ್ರ ಬಣ್ಣದ ಪೆಟ್ಟಿಗೆ ನೆಚ್ಚಿಕೊಂಡು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.