ಭಾಷೆಯ ಕಾಲಮ್ಮಿನಲ್ಲಿ ಏನು ಬರೆಯಲಿ?

ಊರಿನ ಹುಡುಗರು ತೆಗೆದ ಚಿತ್ರವೊಂದನ್ನು ನೋಡಿ ಎಂದು ನಾನು ಹೇಳಿದ ಕೂಡಲೇ ನೀವು ಬೆಂಗಳೂರಿನಿಂದ ಕೇಳಿದ ಮೊದಲ ಪ್ರಶ್ನೆ, "ಕಾಸರಗೋಡಿನದು ಅಂದಮೇಲೆ ಮಲಯಾಳಂ ಚಿತ್ರವಿರಬೇಕು, ಕನ್ನಡಕ್ಕೆ ಡಬ್ ಆಗಿದೆಯೇ?" ಎಂಬುದು. ಕಥೆ ಏನು, ಎಷ್ಟು ಹೊತ್ತಿನದು ಎಂದು ಕೇಳಿದ್ದರೆ ಎರಡು ಸಾಲಿನಲ್ಲಿ ಉತ್ತರಿಸಿ ಸುಮ್ಮನಾಗುತ್ತಿದ್ದೆ. ನೀವು ಕೇಳಿದ್ದು ನಾವು ಬುದ್ಧಿ ತಿಳಿದಂದಿನಿಂದ ಉತ್ತರಿಸುತ್ತಲೇ ಬಂದ ಪ್ರಶ್ನೆಯಾದ ಕಾರಣ ಸ್ವಲ್ಪ ಉದ್ದವಾಗಿಯೇ ಬರೆಯಬೇಕಾಗಿದೆ, ಮಾರಾಯರೇ.

ಚಿತ್ರ ನನಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಬದಿಯಡ್ಕದ ಕಡೆ ಹೋಗಿದ್ದ ಒಂದು ಸಂಜೆ ಮಳೆ ಹಿಡಿದು, ನಿಲ್ಲಲು ಜಾಗ ಹುಡುಕಿಕೊಂಡು ಹೊಕ್ಕ ಸಭಾಂಗಣದಲ್ಲಿ ಬಿಳಿ ಪಂಚೆಯೊಂದನ್ನು ಗೋಡೆಗೆ ಬಿಗಿದು ಅದನ್ನು ತೋರಿಸುತ್ತಿದ್ದರು. ಕ್ಯಾಮೆರಾ ಮದುವೆ ಫೋಟೋ ತೆಗೆಯುವವರದು. ದೀಪಗಳು ಯಕ್ಷಗಾನದ ಆಟಕ್ಕೆ ಬಾಡಿಗೆ ಕೊಡುವವರದು. ಮುಖ್ಯ ಪಾತ್ರ ಮಾಡಿದವರು ನಿಜಜೀವನದಲ್ಲೂ ಬೀಡಿ ಕಟ್ಟುವ ಹೆಂಗಸು. ನಡುವೆ ಅರ್ಧ ಗಂಟೆ ಕರೆಂಟು ಹೋಯಿತು. ಆದರೂ ಯಾರೂ ಎದ್ದು ಹೋಗಲಿಲ್ಲ, ಹೊರಗಿನ ಮಳೆಗೂ ಅದರಲ್ಲಿ ಪಾಲಿತ್ತೆನ್ನಿ.

ಎಪ್ಪತ್ತು ನಿಮಿಷದ ಚಿತ್ರದಲ್ಲಿ ಒಂದೇ ದಿನದ ಕಥೆಯಿದೆ. ಆ ತಾಯಿ ಬೆಳಿಗ್ಗೆ ಬೀಡಿಯನ್ನು ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿಯನ್ನು ಒಪ್ಪಿಸುವ ಜಾಗಕ್ಕೆ, ಕೊಟ್ಟು, ಅಲ್ಲಿಂದ ಮಾವನ ಕಾಲದ ಜಾಗದ ದಸ್ತಾವೇಜನ್ನು ಹಿಡಿದುಕೊಂಡು ಒಂದು ಕಚೇರಿಗೆ ಹೋಗಿ ಸಂಜೆ ಮನೆಗೆ ಮರಳುತ್ತಾಳೆ. ಬ್ರಾಂಚಿನ ದೃಶ್ಯವನ್ನು ನಾನು ಮರೆಯಲಾರೆ. ಬ್ರಾಂಚಿನವನು 25ರ ಕಟ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡುತ್ತಾನೆ, ಸಡಿಲವೆನಿಸಿದ ಬೀಡಿಯನ್ನು ಮಾತಿಲ್ಲದೆ ಮುರಿದು ಬದಿಗೆ ಹಾಕುತ್ತಾನೆ. ಕ್ಯಾಮೆರಾ ಅವನ ಮುಖಕ್ಕೆ ಹೋಗದೆ, ಬೀಡಿಯ ಬಾಯಿ ಮಡಚಿ ಮಡಚಿ ಸವೆದ ಅವಳ ಹೆಬ್ಬೆರಳಿನ ಉಗುರಿನ ಮೇಲೆಯೇ ನಿಲ್ಲುತ್ತದೆ. ಪ್ರತಿ ಸಲ ಬೀಡಿ ಮುರಿದಾಗಲೂ ಆ ಹೆಬ್ಬೆರಳು ಸ್ವಲ್ಪ ಒಳಗೆ ಮಡಚಿಕೊಳ್ಳುತ್ತದೆ. ಅಭಿನಯವನ್ನು ಯಾರೂ ಹೇಳಿಕೊಟ್ಟಿದ್ದಲ್ಲ ಎಂದು ಅಲ್ಲಿಯೇ ತಿಳಿಯುತ್ತದೆ.

ಇನ್ನು ನಿಮ್ಮ ಭಾಷೆಯ ಪ್ರಶ್ನೆ. ಆಕೆ ನೆರೆಮನೆಯವಳೊಂದಿಗೆ ಆಡುವುದು ತುಳು, ಬ್ರಾಂಚಿನಲ್ಲಿ ಬ್ಯಾರಿ, ಕಚೇರಿಯಲ್ಲಿ ತಡವರಿಸುವ ಮಲಯಾಳ, ಮಗನೊಂದಿಗೆ ಕನ್ನಡ. ಬೀಡಿ ಎಣಿಸುವುದು ಮಾತ್ರ ಎಲ್ಲಿದ್ದರೂ ಕನ್ನಡದಲ್ಲಿ, ಏಕೆಂದರೆ ಮಗ್ಗಿ ಕಲಿತದ್ದು ಕನ್ನಡ ಶಾಲೆಯಲ್ಲಿ. ನಿಮಗೆ ಇದು ಪ್ರಯೋಗವೆನಿಸಬಹುದು. ನಮಗೆ ಪೇಟೆಗೆ ಹೋಗಿ ಬಂದಷ್ಟೇ ಸಹಜ.

ತೊಡಕು ಆರಂಭವಾದದ್ದು ಚಿತ್ರ ಮುಗಿದ ಮೇಲೆ. ಉತ್ಸವಗಳಿಗೆ ಕಳುಹಿಸುವ ಅರ್ಜಿಗಳಲ್ಲೆಲ್ಲ ಭಾಷೆ ಎಂಬ ಕಾಲಮ್ಮು ಒಂದಿರುತ್ತದೆ, ಅದರಲ್ಲಿ ಒಂದೇ ಪದಕ್ಕೆ ಜಾಗ. ಕನ್ನಡವೆಂದು ಬರೆದರೆ, ಅರ್ಧದಷ್ಟು ಸಂಭಾಷಣೆ ಕನ್ನಡವಲ್ಲವಲ್ಲ, ತೆಗೆದದ್ದೂ ಕೇರಳದಲ್ಲಿ ಅಲ್ಲವೇ ಎಂಬ ಮರುಪ್ರಶ್ನೆ. ಕೇರಳ ರಾಜ್ಯ ಚಲನಚಿತ್ರ ಪ್ರಶಸ್ತಿ ಮಲಯಾಳಂ ಚಿತ್ರಗಳಿಗೆ. ಹತ್ತು ನಿಮಿಷದ ತಡವರಿಕೆಯನ್ನು ತೋರಿಸಿ ಇದು ಮಲಯಾಳಂ ಎನ್ನಲು ಹುಡುಗರಿಗೆ ನಾಚಿಕೆ. ತುಳು ಎನ್ನೋಣವೆಂದರೆ ಅದು ಸಂವಿಧಾನದ ಭಾಷಾಪಟ್ಟಿಯಾದ ಎಂಟನೇ ಪರಿಚ್ಛೇದದಲ್ಲಿ ಇಲ್ಲ, ಮೇಲಾಗಿ ಇಡೀ ಚಿತ್ರ ತುಳುವೂ ಅಲ್ಲ. ಒಂದು ಅರ್ಜಿಯಲ್ಲಿ ಬೇಸತ್ತು "ಇತರ" ಎಂದು ಗುರುತು ಹಾಕಿದರಂತೆ. ಬ್ಯಾರಿ ಭಾಷೆಯ ಚಿತ್ರವೊಂದು 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡಿತ್ತೆಂಬುದನ್ನು ನೆನಪಿಸಿ ನಾನು ಧೈರ್ಯ ಹೇಳಿದೆ. ಅದಕ್ಕೆ ನಿರ್ದೇಶಕ ಹುಡುಗ, "ಅವರದು ಒಂದು ಭಾಷೆ ಸರ್, ನಮ್ಮದು ನಾಲ್ಕು" ಎಂದ.

ಈ ಕಾಲಮ್ಮಿನೊಂದಿಗಿನ ಜಗಳ ಹೊಸದಲ್ಲ. ಭಾಷಾವಾರು ರಾಜ್ಯಗಳಾದ 1956ರ ನವೆಂಬರ್ 1ರಂದು ನಾವು ಇದ್ದಲ್ಲಿಯೇ ಇದ್ದೆವು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಕೊಡಲಿಲ್ಲ. ಅದಕ್ಕಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈ ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡರು. ಇದನ್ನು ನಿಮಗೆ ಹಿಂದೆಯೂ ಹೇಳಿದ್ದೇನೆ, ವಿಸ್ತರಿಸುವುದಿಲ್ಲ. ಆದರೆ ಚಿತ್ರದ ಆ ದಸ್ತಾವೇಜಿನ ದೃಶ್ಯ ನನ್ನನ್ನು ಅಲ್ಲಾಡಿಸಿತು. ನನ್ನ ಅಜ್ಜ ಜಾಗ ಕೊಂಡ ಕಾಗದವೂ ಅಚ್ಚಕನ್ನಡದಲ್ಲಿದೆ. ಅದನ್ನು ಹಿಡಿದು ಕಚೇರಿಯೊಂದಕ್ಕೆ ಹೋದಾಗ ಅಲ್ಲಿದ್ದ ಯುವಕ ಅದನ್ನು ಮೇಲೆ ಕೆಳಗೆ ತಿರುಗಿಸಿ, ಬಹಳ ಸೌಜನ್ಯದಿಂದಲೇ, ಇದು ಯಾವ ಭಾಷೆಯೆಂದು ಕೇಳಿದ. ಅನುವಾದ ಮಾಡಿಸಿ ತರಲು ಮೂರು ಸಲ ಅಲೆದೆ. ನಮ್ಮ ಮಣ್ಣಿನ ಕಾಗದವನ್ನು ನಮ್ಮ ಊರಿನಲ್ಲಿಯೇ ಅನುವಾದಿಸಿ ಕೊಡಬೇಕಾಯಿತು. ಸಿಟ್ಟು ಆ ಹುಡುಗನ ಮೇಲಲ್ಲ, ಅವನಿಗೆ ಕನ್ನಡ ಕಲಿಸಿದವರಿರಲಿಲ್ಲ. ಇತ್ತ ಬೆಂಗಳೂರಿಗೆ ಬಂದರೆ ನಿಮ್ಮವರು, "ಕೇರಳದವರಾದರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತೀರಿ!" ಎಂದು ಬೆನ್ನು ತಟ್ಟುತ್ತೀರಿ. ಆ ಹೊಗಳಿಕೆಯನ್ನು ತಾಳಿಕೊಳ್ಳುವುದು ಕಚೇರಿಯ ಅಲೆದಾಟಕ್ಕಿಂತ ಕಷ್ಟ.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಮಗನ ಪಾತ್ರದವನು ಪಾಠ ಒಪ್ಪಿಸುವಂತೆ ಮಾತನಾಡುತ್ತಾನೆ, ಕೊನೆಯ ಹತ್ತು ನಿಮಿಷ ಅನಗತ್ಯವಾಗಿ ಎಳೆದಿದ್ದಾರೆ, ಒಂದೆರಡು ಕಡೆ ಗಾಳಿಯ ಸದ್ದಿನಲ್ಲಿ ಮಾತು ಮುಳುಗಿದೆ. ಹಾಗಿದ್ದರೂ ಈ ವರ್ಷ ನಾನು ಎರಡನೆಯ ಸಲ ನೋಡಿದ ಚಿತ್ರ ಇದೊಂದೇ.

ನಿರ್ದೇಶಕನನ್ನು ಕೇಳಿ ಲಿಂಕ್ ಕಳುಹಿಸುತ್ತೇನೆ. ಇಯರ್‌ಫೋನ್ ಹಾಕಿಕೊಂಡು ನೋಡಿ, ಇಲ್ಲದಿದ್ದರೆ ಬೀಡಿ ಮುರಿಯುವ ಸದ್ದು ಕೇಳಿಸುವುದಿಲ್ಲ. ಕನ್ನಡ ಅಡಿಬರಹವಿದೆ. ಆಕೆಯ ಕನ್ನಡ ಮಾತುಗಳಿಗೂ ಅದನ್ನು ಹಾಕಿದ್ದೇಕೆ ಎಂದು ಕೇಳಿದ್ದಕ್ಕೆ, ಬೆಂಗಳೂರಿನವರೂ ನೋಡಬಹುದಲ್ಲ ಎಂದು ಹುಡುಗರು ನಕ್ಕರು.