ಒಂದು ಮಾತಿಗೆ ಮಗಳು ಫೋನ್ ಇಟ್ಟಳು

ಪ್ರಶ್ನೆ: ನನಗೆ 51 ವರ್ಷ. ಹಾಸನದ ಹತ್ತಿರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮೊದಲು ಒಂದು ಖಾಸಗಿ ಶಾಲೆಯಲ್ಲಿ ನಾಲ್ಕು ತಿಂಗಳು ಇದ್ದು ಬಿಟ್ಟೆ. 1998ರಲ್ಲಿ ಈ ಕೆಲಸಕ್ಕೆ ಸೇರಿದೆ, ಆಮೇಲೆ ಬದಲಾಯಿಸಿಲ್ಲ. 24ರ ಮಗಳು ಬೆಂಗಳೂರಿನಲ್ಲಿ ಎರಡು ವರ್ಷದಲ್ಲಿ ಎರಡನೇ ಕೆಲಸ ಬಿಡುತ್ತೇನೆ ಅಂದಳು. ‘ನಿಮ್ಮ ಜನರೇಷನ್‌ಗೆ ತಾಳ್ಮೆ ಅನ್ನೋದೇ ಇಲ್ಲ’ ಅಂದೆ. ‘ಬೂಮರ್ ಥರ ಮಾತಾಡ್ಬೇಡಮ್ಮ’ ಅಂತ ಫೋನ್ ಇಟ್ಟಳು. ಮೂರು ವಾರ ಆಯ್ತು, ಮಾತಿಲ್ಲ. ನಾನು ಹೇಳಿದ್ದು ತಪ್ಪಾ?

ಉತ್ತರ: ಟೀಚರ್, ನಿಮ್ಮ ಆತಂಕ ತಪ್ಪಲ್ಲ. ಆದರೆ ಆ ಮಾತು ತಪ್ಪು. ಮಗಳು ಹೇಳಿದ್ದು ತನ್ನ ಕೆಲಸದ ವಿಷಯ, ನೀವು ಉತ್ತರ ಕೊಟ್ಟಿದ್ದು ಅವಳ ವಯಸ್ಸಿನ ಅಷ್ಟೂ ಹುಡುಗ ಹುಡುಗಿಯರಿಗೆ. ಅವಳು ಯಾಕೆ ಬಿಡ್ತಿದ್ದಾಳೆ ಅಂತ ಪತ್ರದಲ್ಲಿ ಒಂದು ಸಾಲೂ ಇಲ್ಲ. ಕೇಳಿಲ್ಲ ಅಲ್ವಾ?

ಅವಳು ಮಾಡಿದ್ದೂ ಅದನ್ನೇ. ಬೂಮರ್ ಅನ್ನೋದು ಅಮೆರಿಕದ ಮಾತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಮಕ್ಕಳು ಜಾಸ್ತಿ ಹುಟ್ಟಿದರು, 1946ರಿಂದ 1964ರವರೆಗೆ ಹುಟ್ಟಿದ ಅವರಿಗೆ ಆ ಹೆಸರು ಬಂತು. ಹಾಸನದ ನಿಮಗೆ ಅದು ಊರಿನ ಲೆಕ್ಕದಲ್ಲೂ ಹೊಂದಲ್ಲ, ವಯಸ್ಸಿನ ಲೆಕ್ಕದಲ್ಲೂ ಹೊಂದಲ್ಲ. ಆದರೂ ನಿಮಗೆ ನೋವಾಯ್ತು. ಅವಳಿಗೂ ಹಾಗೇ ಆಗಿದೆ.

ನಿಮ್ಮ ತರಗತಿಯನ್ನೇ ನೋಡಿ. ಹೆಚ್ಚು ಕಡಿಮೆ ಒಂದೇ ವರ್ಷ ಹುಟ್ಟಿದ ಮಕ್ಕಳು. ಒಬ್ಬ ಲೆಕ್ಕ ಬರೋವರೆಗೂ ತಲೆ ಎತ್ತಲ್ಲ, ಅಳಿಸಿ ಅಳಿಸಿ ಹಾಳೆ ತೂತಾಗಿರುತ್ತೆ. ಪಕ್ಕದವಳು ಐದು ನಿಮಿಷಕ್ಕೆ ಕಿಟಕಿ ಕಡೆ ತಿರುಗಿರುತ್ತಾಳೆ. ‘ಈ ಬ್ಯಾಚೇ ಇಷ್ಟು’ ಅಂತ ಬಿಟ್ಟುಬಿಡ್ತೀರಾ? ಇಲ್ಲ, ಅವಳ ಹತ್ತಿರ ಹೋಗಿ ಏನಾಯ್ತು ಪುಟ್ಟಾ ಅಂತೀರಿ.

ಕಾಲ ಬದಲಾಗಿಲ್ಲ ಅಂತ ನಾನು ಹೇಳ್ತಿಲ್ಲ. ಖಂಡಿತ ಬದಲಾಗಿದೆ, ಆದರೆ ಅದನ್ನು ಹುಡುಗರ ಗುಣದಲ್ಲಿ ಹುಡುಕೋ ಮೊದಲು ಕೆಲಸದಲ್ಲಿ ಹುಡುಕಿ. ನೀವು ಸೇರಿದಾಗ ಹಳೇ ಪಿಂಚಣಿ ಇತ್ತು. ನಿಮ್ಮದೇ ಇಲಾಖೆಗೆ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಎನ್‌ಪಿಎಸ್ ಬಂತು, ಅಂದರೆ ಕೊನೆಗೆ ಇಷ್ಟು ಸಿಗುತ್ತೆ ಅಂತ ಖಾತ್ರಿ ಇಲ್ಲದ ಹೊಸ ಪಿಂಚಣಿ, ಸ್ಟಾಫ್ ರೂಮಿನಲ್ಲಿ ಆ ಮಾತು ನೀವು ಕೇಳದ ದಿನ ಇರಲಿಕ್ಕಿಲ್ಲ. ಮಗಳ ಕೆಲಸದಲ್ಲಿ ಅಷ್ಟು ಭದ್ರತೆಯೂ ಇಲ್ಲ. ಕಾದು ಕೂತರೆ ಏನು ಸಿಗುತ್ತೆ ಅನ್ನೋದರ ಮೇಲೂ ತಾಳ್ಮೆ ನಿಂತಿರುತ್ತೆ. ಇನ್ನು, 24ಕ್ಕೆ ಯಾವ ಕಾಲದವರಿಗೂ ಸ್ವಲ್ಪ ಚಡಪಡಿಕೆ ಇದ್ದೇ ಇರುತ್ತೆ.

ನಿಮಗೂ ಇತ್ತು. ಆ ಖಾಸಗಿ ಶಾಲೆಯ ನಾಲ್ಕು ತಿಂಗಳನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಯಾಕೆ ಬಿಟ್ಟಿರಿ? ಸಂಬಳ ಸರಿಯಾಗಿ ಕೊಡಲಿಲ್ಲವಾ, ಯಾರಾದರೂ ಬೈದರಾ? ಬಿಟ್ಟ ದಿನ ಮನೆಯಲ್ಲಿ ನಿಮ್ಮ ಅಮ್ಮ ಏನಂದರು?

ಮುಂದಿನ ಭಾನುವಾರ ಬಸ್ ಹತ್ತಿ ಹೋಗಿ. ಬರ್ತಿದ್ದೀನಿ ಅಂತ ಮಾತ್ರ ಮೆಸೇಜ್ ಹಾಕಿ, ಕೆಲಸದ ವಿಷಯ ಬೇಡ. ‘ಹಾಗೆ ಅಂದಿದ್ದು ತಪ್ಪಾಯ್ತು’ ಅಂತ ನೀವೇ ಮೊದಲು ಹೇಳಿ, ದೊಡ್ಡವರು ನೀವು. ಆಮೇಲೆ ಆ ನಾಲ್ಕು ತಿಂಗಳ ಕಥೆ ಪೂರ್ತಿ ಹೇಳಿ. ಅವಳದ್ದು ಶುರುವಾದಾಗ ಮಧ್ಯೆ ಬಾಯಿ ಹಾಕಬೇಡಿ.