ಮಗಳ ಮೊದಲ ಜಿಂಕೆ ಬೇಟೆ ಮತ್ತು ಕೋವಿಯ ಒದೆತ

ನಮಸ್ಕಾರ. ಹನ್ನೊಂದು ವರ್ಷದ ಮಗಳನ್ನು ಈ ನವೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಜಿಂಕೆ ಬೇಟೆಗೆ ಕರೆದೊಯ್ಯಬೇಕು, ಮನೆಯಲ್ಲಿರುವ .30-06 ರೈಫಲಿಗೇ ಕಡಿಮೆ ಒದೆತದ (ಹೊಡೆದಾಗ ಕೋವಿ ಭುಜಕ್ಕೆ ಕಡಿಮೆ ಗುದ್ದುವ) ತೋಟೆ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಅಂತಹ ತೋಟೆ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಅದಕ್ಕೆ ಮೊದಲು ಆಗಬೇಕಾದ ಕೆಲಸ ಬಹಳ ಇದೆ.

ನಾನು ಕೊಡಗಿನವನು. ನಮ್ಮ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬವೊಂದರಂದು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡಲು ದೊಡ್ಡವರ 12 ಬೋರ್ ಕೋವಿ ನನ್ನ ಕೈಗೆ ಬಂತು. ಆಗ ನನಗೆ ಹನ್ನೆರಡು ವರ್ಷ. ಹಿಡಿ (ಭುಜಕ್ಕೆ ಆನಿಸುವ ಹಿಂಭಾಗ) ಉದ್ದವಾಗಿ ಭುಜದ ಗುಳಿಗೆ ಕೂರಲಿಲ್ಲ, ರಟ್ಟೆಗೆ ಆನಿಸಿಕೊಂಡೇ ಹೊಡೆದೆ. ಕಾಯಿ ಅಲುಗಲಿಲ್ಲ, ರಟ್ಟೆ ವಾರವಿಡೀ ನೀಲಿಗಟ್ಟಿತ್ತು. ಅದು ಮಾಯಿತು. ಟ್ರಿಗರ್ ಒತ್ತುವ ಮುನ್ನವೇ ಕಣ್ಣು ಮುಚ್ಚಿ ಮೈ ಸೆಟೆಯುವ ಅಭ್ಯಾಸ ಮಾತ್ರ ವರ್ಷಗಟ್ಟಲೆ ಉಳಿಯಿತು. ನಿಮ್ಮ ಮಗಳಿಗೆ ಹಾಗಾಗಬಾರದೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬೇಸಿಗೆಯೆಲ್ಲ ಒದೆತ ತೀರಾ ಕಡಿಮೆಯಿರುವ ಸಣ್ಣ .22 ರೈಫಲ್ ಕೊಡಿ. ಮಕ್ಕಳು ಒದೆತಕ್ಕಿಂತ ಸದ್ದಿಗೆ ಹೆಚ್ಚು ಬೆಚ್ಚುತ್ತಾರೆ. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಇರಲಿ. ಒದೆತ ತಗ್ಗಿಸಲೆಂದು ನಳಿಕೆಯ ತುದಿಗೆ ಬ್ರೇಕ್ ಹಾಕಿಸಬೇಡಿ, ಸದ್ದು ವಿಪರೀತವಾಗುತ್ತದೆ. ಹಿಡಿಯ ಅಳತೆಯನ್ನು ಹೀಗೆ ನೋಡಿ: ಕೋವಿ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಅವಳ ಮೊಣಕೈ ಮಡಚಿ, ಹಿಡಿಯ ಹಿಂತುದಿಯನ್ನು ಮಡಿಕೆಗೆ ಆನಿಸಿ. ತೋರುಬೆರಳು ಸಲೀಸಾಗಿ ಟ್ರಿಗರಿಗೆ ತಲುಪದಿದ್ದರೆ ಹಿಡಿ ಉದ್ದವಾಯಿತು. ಆಗಾಗ ಅವಳಿಗೆ ತಿಳಿಯದಂತೆ ಡಮ್ಮಿ (ಸಿಡಿಯದ) ತೋಟೆ ಸೇರಿಸಿ. ‘ಟಿಕ್’ ಎಂದಾಗ ನಳಿಕೆ ಕೆಳಕ್ಕೆ ಕುಸಿದರೆ ಹೆದರಿಕೆ ಇನ್ನೂ ಇದೆ ಎಂದರ್ಥ. ಬೈಯಬೇಡಿ, ಅಂದಿಗೆ ನಿಲ್ಲಿಸಿ.

ಈಗ ತೋಟೆಯ ಮಾತು. ಎಂಟು ಪೌಂಡ್ ತೂಕದ ರೈಫಲಿನಲ್ಲಿ ಸಾಮಾನ್ಯ .30-06 ಸುಮಾರು 18ರಿಂದ 20 ಅಡಿ-ಪೌಂಡ್ (ಒದೆತದ ಶಕ್ತಿಯ ಅಳತೆ) ಒದೆಯುತ್ತದೆ. 125 ಗ್ರೇನ್ (ಸುಮಾರು 8 ಗ್ರಾಂ) ಗುಂಡಿನ ಕಡಿಮೆ ಒದೆತದ ತೋಟೆಯಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮನೆಯಲ್ಲೇ ತೋಟೆ ತುಂಬುವವರಿಗೆ ಹಾಡ್ಜ್‌ಡನ್ ಕಂಪನಿ ತನ್ನ ಎಚ್‌4895 ಮದ್ದಿಗೆ ಒಂದು ಲೆಕ್ಕ ಕೊಟ್ಟಿದೆ: ಕೈಪಿಡಿಯಲ್ಲಿರುವ ಗರಿಷ್ಠ ಪ್ರಮಾಣದ ಶೇಕಡಾ 60ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗಲ್ಲ. ಈ ಲೆಕ್ಕವನ್ನು ದಯವಿಟ್ಟು ಬೇರೆ ಮದ್ದಿಗೆ ಹಚ್ಚಬೇಡಿ. ನಿಧಾನವಾಗಿ ಉರಿಯುವ ಮದ್ದು ತೀರಾ ಕಡಿಮೆಯಾದರೂ ಒತ್ತಡ ಏರಿ ಕೋವಿ ಒಡೆಯುವ ಅಪಾಯವಿದೆ. ವೇಗ ಇಳಿದಾಗ ಗುಂಡು ಬೇಗ ಕೆಳಗಿಳಿಯುತ್ತದೆ, ಹಾಗಾಗಿ ದುರ್ಬೀನನ್ನು ಅದೇ ತೋಟೆಯಿಂದ ಹೊಸದಾಗಿ ಹೊಂದಿಸಬೇಕು. ಕಡಿಮೆ ವೇಗದಲ್ಲೂ ಅರಳುವ ಗುಂಡನ್ನೇ ಆರಿಸಿ, 100 ಗಜ ದಾಟಬೇಡಿ. ಜಿಂಕೆ ಪಕ್ಕಕ್ಕೆ ತಿರುಗಿ ನಿಂತಾಗ ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ ಮಾತ್ರ ಹೊಡೆಯಬೇಕು. ಗಾಯಗೊಂಡು ಓಡಿದ ಪ್ರಾಣಿಯ ನೋವಿಗೆ ನಾವೇ ಹೊಣೆ.

ನನ್ನನ್ನು ಕೇಳಿದರೆ .30-06ಕ್ಕಿಂತ ಸಣ್ಣ ಗುಂಡಿನ .243 ವಿಂಚೆಸ್ಟರ್ ರೈಫಲ್ ಒಳ್ಳೆಯದು. ಒದೆತ 9 ಅಡಿ-ಪೌಂಡಿನ ಆಸುಪಾಸು, 100 ಗ್ರೇನ್ ಗುಂಡು ಜಿಂಕೆಗೆ ಧಾರಾಳ ಸಾಕು, ಮಕ್ಕಳ ಅಳತೆಯ ರೈಫಲುಗಳೂ ಸಿಗುತ್ತವೆ.

ವಿಸ್ಕಾನ್ಸಿನ್‌ನಲ್ಲಿ ಮಾರ್ಗದರ್ಶಕರೊಂದಿಗಿನ ಬೇಟೆಗೆ 2017ರಿಂದ ಕನಿಷ್ಠ ವಯಸ್ಸಿಲ್ಲ, ಆದರೆ ನೀವು ಕೈಗೆಟಕುವ ದೂರದಲ್ಲೇ ಇರಬೇಕು. ನೀವು 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ್ದರೆ ಬೇಟೆ ಸುರಕ್ಷತಾ ಪ್ರಮಾಣಪತ್ರವೂ ಬೇಕು. (ಊರಿನಲ್ಲಿ ಓದುತ್ತಿರುವವರು ಗಮನಿಸಿ: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ.)

ಆ ದಿನ ಜಿಂಕೆ ಎದುರಿಗೆ ಬಂದಾಗ ಅವಳು ಹೊಡೆಯುವುದಿಲ್ಲ ಎಂದರೆ ಒತ್ತಾಯಿಸಬೇಡಿ. ಹೊಡೆದು ಅತ್ತರೆ ಸುಮ್ಮನೆ ಪಕ್ಕದಲ್ಲಿ ಕುಳಿತಿರಿ. ನನ್ನ ಬಳಿ ಗಿಡ್ಡ ಹಿಡಿಯ .243 ಇದೆ. ಆಗಸ್ಟಿನ ಯಾವುದಾದರೂ ಶನಿವಾರ ಮಗಳೊಂದಿಗೆ ರೇಂಜಿಗೆ ಬನ್ನಿ, ತರುತ್ತೇನೆ. ಐದೇ ಗುಂಡು ಹೊಡೆಯಲಿ, ಆಮೇಲೆ ಖರೀದಿಯ ಯೋಚನೆ ಮಾಡಿ.